ಮನೆ ಅಳಿಯನ ಮಡಕೆಗೆ ನೊರಜು ಬಂದದ್ದು

ಲೋಕಕ್ಕೆ ಇನ್ನೂ ಹಾಲುಹಲ್ಲು ಬೀಳದ ಕಾಲ. ಬೆಟ್ಟಗಳು ಆಗತಾನೆ ಕೂತು ಅಭ್ಯಾಸ ಮಾಡಿಕೊಳ್ಳುತ್ತಿದ್ದವು. ಹೊಳೆಗೆ ದಾರಿ ಗೊತ್ತಿರಲಿಲ್ಲ, ಸಿಕ್ಕಸಿಕ್ಕವರನ್ನು ಕೇಳಿಕೊಂಡು ಹರಿಯುತ್ತಿತ್ತು. ಗಾಳಿಗೆ ಮನೆಯಿರಲಿಲ್ಲ. ಇವತ್ತಿಗೂ ಇಲ್ಲ, ಆ ಮಾತು ಬೇರೆ.

ಆಗ ಎಲ್ಲರಿಗೂ ಎಲ್ಲರ ಮಾತು ತಿಳಿಯುತ್ತಿತ್ತು. ಮೇಕೆ ಬೈದರೆ ಮರಕ್ಕೆ ತಿಳಿಯುತ್ತಿತ್ತು, ಮರ ತಿರುಗಿ ಬೈದರೆ ಮೇಕೆಗೆ ತಿಳಿಯುತ್ತಿತ್ತು. ಸುಳ್ಳು ಅನ್ನುವವರು ಹೋಗಿ ಬಂಡೆಯನ್ನೇ ಕೇಳಲಿ. ಬಂಡೆ ಆಗಲೂ ಇತ್ತು.

ಆ ಕಾಲದಲ್ಲಿ ನೊರಜು ಯಾರ ಮನೆಯೊಳಕ್ಕೂ ಬರುತ್ತಿರಲಿಲ್ಲ. ಯಾರ ಕಣ್ಣ ಮುಂದೆಯೂ ಹಾರುತ್ತಿರಲಿಲ್ಲ. ಎಳ್ಳಿಗೆ ರೆಕ್ಕೆ ಬಂದ ಹಾಗಿದ್ದ ಆ ಪುಟ್ಟ ಜೀವ ಹೊಳೆದಂಡೆಯ ಹಸಿಮಣ್ಣಿನಲ್ಲಿ ಹುಟ್ಟಿ, ಹಸಿಮಣ್ಣಿನ ಮೇಲೆ ಕುಣಿದು, ಹಸಿಮಣ್ಣಿನ ಮೇಲೇ ಮುಗಿದುಹೋಗುತ್ತಿತ್ತು.

ಅದು ಮನೆಯೊಳಕ್ಕೆ ಬಂದದ್ದು ಒಬ್ಬ ಅಳಿಯನ ಹಿಂದೆ.

ಹೊಳೆಮೂಲೆ ಅಂತ ಒಂದು ಊರು. ಅಲ್ಲಿ ಮುದ್ದೀರ ಅಂತ ಒಬ್ಬ ಹುಡುಗ. ಎದೆ ಒಂದು ಗೇಣು ಮುಂದೆ, ಮಾತು ಎರಡು ಗೇಣು ಮುಂದೆ. ಅವನ ಬಾಯಿ ತೆರೆದರೆ ಊರು, ಮುಚ್ಚಿದರೂ ಊರು.

"ನಮ್ಮೂರ ಮಣ್ಣಿಗೆ ಕೋಲು ಊರಿದರೆ ಕೋಲೇ ಚಿಗುರ್ತದೆ ಕಣ್ರೋ. ನಮ್ಮ ದೊಡ್ಡಪ್ಪ ಹೋದ ವರ್ಷ ಊರುಗೋಲು ಮರೆತು ಬಂದಿದ್ದ. ಈಗ ಅದರ ನೆರಳಲ್ಲಿ ಮಲಗ್ತಾನೆ."

ಪಕ್ಕದಲ್ಲೇ ಹರಿಯುತ್ತಿದ್ದ ಹೊಳೆಗೆ ಇದು ಕೇಳಿಸುತ್ತಿತ್ತು. "ಲೋ ಮುದ್ದೀರ, ಸ್ವಲ್ಪ ಕಮ್ಮಿ ಮಾಡೋ. ನನಗೇ ನಾಚಿಕೆ ಆಗ್ತದೆ" ಅನ್ನುತ್ತಿತ್ತು.

"ನೀನು ಸುಮ್ನೆ ಹರಿ ಹೊಳೆಯವ್ವ. ನಿನ್ನ ಹೆಸರು ನಾಲ್ಕೂರಿಗೆ ಗೊತ್ತಾಗಿರೋದು ನನ್ನಿಂದ."

ಇಂಥ ಮುದ್ದೀರನಿಗೆ ಮದುವೆ ಗೊತ್ತಾಯಿತು. ಹೆಣ್ಣು ಬಂಡೆಹಟ್ಟಿಯ ಹೊನ್ನಿ. ಬಂಡೆಹಟ್ಟಿ ಅಂದರೆ ಬೆಟ್ಟದ ನೆತ್ತಿ. ಅಲ್ಲಿ ಕಲ್ಲು ಎಷ್ಟು ಬೇಕೋ ಅಷ್ಟು, ಮಣ್ಣು ಉಗುರಿನ ಸಂದಿಯಲ್ಲಿ ಸಿಕ್ಕಷ್ಟು. ಹೊನ್ನಿ ಒಬ್ಬಳೇ ಮಗಳು. ಅವಳ ಅವ್ವ ಮಾದವ್ವನಿಗೆ ಗಂಡನಿಲ್ಲ, ಗಂಡುಮಕ್ಕಳಿಲ್ಲ. ಅದಕ್ಕೇ ಹೆಣ್ಣು ಇಳಿದು ಬರುವ ಬದಲು ಗಂಡು ಹತ್ತಿ ಹೋಗಲಿ ಅಂತ ಹಿರಿಯರು ಮಾತು ಮುಗಿಸಿದರು.

ಹೀಗೆ ಮುದ್ದೀರ ಲೋಕದ ಮೊದಲನೆಯ ಮನೆ ಅಳಿಯನಾದ. ಮನೆ ಅಳಿಯನ ಮೇಲಿನ ಗಾದೆಗಳೆಲ್ಲ ಹುಟ್ಟಿದ್ದು ಆಮೇಲೆ.

ಹೊರಡುವ ದಿನ ಅವನ ಅವ್ವ ತಳ ತೂತಾದ ಒಂದು ಮಡಕೆಗೆ ಹಿತ್ತಲ ಮಣ್ಣು ತುಂಬಿ, ದೊಡ್ಡಪತ್ರೆಯ ಒಂದು ಕಡ್ಡಿ ನೆಟ್ಟು ಅವನ ಕೈಗಿಟ್ಟಳು.

"ಕೆಮ್ಮು ಬಂದ್ರೆ ಎಲೆ ಬಾಡಿಸಿ ರಸ ಕುಡಿಯಪ್ಪ. ಇನ್ನೊಂದು ಮಾತು ಕೇಳು. ನೀರು ಹಾಕೋ ಮುಂಚೆ ಮಣ್ಣಿಗೆ ಬೆರಳಿಟ್ಟು ನೋಡು. ಒಂದು ಗೆಣ್ಣು ಒಣಗಿದ್ರೆ ಮಾತ್ರ..."

"ಅವ್ವಾ! ಹೊಳೆಮೂಲೆ ಗಂಡಿಗೆ ನೀರು ಹಾಕೋದು ಹೇಳ್ಕೊಡ್ತೀಯಾ? ಕೇಳಿದವರು ನಗ್ತಾರೆ."

ಅವನು ದಾರಿಯ ತಿರುವಿಗೆ ಹೋದಾಗ ಅವ್ವ ಇನ್ನೊಂದು ಸಲ ಕೂಗಿದಳು, "ಬೆರಳಿಟ್ಟು ನೋಡೋ!" ಆ ಕೂಗಿನಲ್ಲಿ ಅರ್ಧ ಹೊಳೆಗೆ ಬಿತ್ತು, ಅರ್ಧವನ್ನು ಗಾಳಿ ಎತ್ತಿಕೊಂಡು ಹೋಯಿತು. ಮುದ್ದೀರನ ಕಿವಿಗೆ ಏನೂ ಮುಟ್ಟಲಿಲ್ಲ. ಅವನು ಆಗಲೇ ಬೆಟ್ಟಕ್ಕೆ ತನ್ನ ಊರಿನ ಸುದ್ದಿ ಹೇಳುತ್ತಿದ್ದ.

ಆ ಮಡಕೆಯ ಮಣ್ಣಿನಲ್ಲಿ ಒಂದು ಮುದಿ ನೊರಜು ನಿದ್ದೆ ಮಾಡುತ್ತಿತ್ತು. ಅದು ಯಾರಿಗೂ ಗೊತ್ತಿರಲಿಲ್ಲ. ನೊರಜಿಗೂ ಗೊತ್ತಿರಲಿಲ್ಲ.

ಬಂಡೆಹಟ್ಟಿಯಲ್ಲಿ ಮಡಕೆಯನ್ನು ಹೊರಗಿಡುವ ಹಾಗಿರಲಿಲ್ಲ. ಒಂದು ಕಡೆ ಮೇಕೆ, ಇನ್ನೊಂದು ಕಡೆ ಗಾಳಿ.

"ನನ್ನ ಮೇಲೆ ಬೇಜಾರು ಮಾಡ್ಕೋಬೇಡ ಮುದ್ದೀರ" ಅಂದಿತು ಗಾಳಿ. "ನಿಮ್ಮೂರಲ್ಲಿ ನಾನು ಮೆತ್ತಗೆ. ಇಲ್ಲಿ ನನ್ನ ಕೈ ಸ್ವಲ್ಪ ಜೋರು."

ಮೇಕೆ ಬರೀ ನೋಡಿತು.

ಮುದ್ದೀರ ಮಡಕೆಯನ್ನು ಒಳಗೆ ತಂದು ಕಿಟಕಿಯ ಕೆಳಗಿಟ್ಟ. ಗಿಡವೊಂದು ಸೂರಿನ ಕೆಳಗೆ ಬಾಳು ಶುರುಮಾಡಿದ್ದು ಲೋಕದಲ್ಲಿ ಅದೇ ಮೊದಲು.

ಮೊದಲ ಹತ್ತು ದಿನ ಮುದ್ದೀರನ ಬಾಯಿಗೆ ಬಿಡುವಿರಲಿಲ್ಲ. ಉಣ್ಣಲು ಕೂತರೆ ನಮ್ಮೂರ ಮೀನು, ಎದ್ದರೆ ನಮ್ಮೂರ ಹರಿಗೋಲು.

"ಅಳಿಯಂದ್ರೇ" ಅನ್ನುತ್ತಿದ್ದಳು ಮಾದವ್ವ, "ಮುದ್ದೆ ಆರ್ತದೆ. ಉಂಡುಬಿಡಿ. ಹೊಳೆ ಆಮೇಲೆ ಹರೀಲಿ."

ಹನ್ನೊಂದನೆಯ ದಿನ ಮಧ್ಯಾಹ್ನ ಯಾರೋ ಬಂಡೆಯ ಮೇಲಿನ ದೊಣೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ದೊಣೆ ಅಂದರೆ ಬಂಡೆಯ ಹೊಂಡದಲ್ಲಿ ನಿಂತ ಮಳೆನೀರು. ಇಡೀ ಹಟ್ಟಿಗೆ ಅದೊಂದೇ ನೀರು. ತಪ್, ತಪ್, ತಪ್ ಅಂತ ಸದ್ದು ಬಂತು. ಅವ್ವ ಹೊಳೆಕಲ್ಲಿನ ಮೇಲೆ ಒಗೆಯುವಾಗ ಬರುತ್ತಿದ್ದ ಸದ್ದೇ.

ಅವನು ಎದ್ದು ಹೋಗಿ ಗಿಡಕ್ಕೆ ಒಂದು ಚೆಂಬು ನೀರು ಸುರಿದ.

"ಊರು ನೆನಪಾಯ್ತಾ?" ಅಂದಳು ಹೊನ್ನಿ.

"ನನಗಾ? ನೆನಪಾಗೋಕೆ ನಾನೇನು ಕರುವಾ? ಗಿಡಕ್ಕೆ ಬಾಯಾರಿಕೆ ಕಣೆ."

ಮಾರನೆಯ ದಿನ ಮೋಡ ಕವಿದು ಹಸಿಮಣ್ಣಿನ ವಾಸನೆ ಬಂತು. ಒಂದು ಚೆಂಬು. ಹಟ್ಟಿಯ ಮುದುಕನೊಬ್ಬ ಸೀನಿದ, ಥೇಟ್ ದೊಡ್ಡಪ್ಪ ಸೀನಿದ ಹಾಗೆ. ಇನ್ನೊಂದು ಚೆಂಬು. ಹೊನ್ನಿ ಮಾಡಿದ ಸಾರು ಅವ್ವನ ಸಾರಿನ ಹಾಗೇ ಇತ್ತು, ಒಂದು ಚೆಂಬು. ಅದರ ಮಾರನೆಯ ದಿನ ಅವ್ವನ ಸಾರಿನ ಹಾಗಿರಲಿಲ್ಲ, ಎರಡು ಚೆಂಬು.

"ಊರು ನೆನಪಾಯ್ತಾ?"

"ಗಿಡಕ್ಕೆ ಬಾಯಾರಿಕೆ ಕಣೆ."

ಮಡಕೆಯ ತೂತಿನಿಂದ ನೀರು ಇಳಿದು ಮಾದವ್ವ ಸಗಣಿ ಸಾರಿಸಿದ ನೆಲದ ಮೇಲೆ ಹರಿಯತೊಡಗಿತು. ಎಷ್ಟು ನೀರು ಸುರಿದೆ ಅಂತ ಅತ್ತೆಗೆ ಗೊತ್ತಾದರೆ ಯಾಕೆ ಸುರಿದೆ ಅಂತಲೂ ಗೊತ್ತಾಗುತ್ತದಲ್ಲ! ಮುದ್ದೀರ ಜೇನುಮೇಣ ತಂದು, ಯಾರೂ ಇಲ್ಲದಾಗ ಆ ತೂತನ್ನು ಮುಚ್ಚಿಬಿಟ್ಟ. ಎಂಥ ಬುದ್ಧಿವಂತ ಅಂತ ತನ್ನ ಬೆನ್ನು ತಾನೇ ತಟ್ಟಿಕೊಂಡ.

ನೀರು ನಿಂತಿತು. ಮಣ್ಣು ಕೆಸರಾಯಿತು. ಒಳಗೆ ಮಲಗಿದ್ದ ಮುದಿ ನೊರಜು ಕಣ್ಣು ಬಿಟ್ಟಿತು.

"ಆಹಾ, ಹೊಳೆದಂಡೆ!" ಅಂದಿತು ಅದು. ಅಂದು, ಮೇಲ್ಮಣ್ಣಿನಲ್ಲಿ ಮೊಟ್ಟೆಯಿಟ್ಟಿತು.

ಒಂದು ವಾರಕ್ಕೆ ಹತ್ತು ನೊರಜು. ಎರಡು ವಾರಕ್ಕೆ ನೂರು. ಆಮೇಲೆ ಎಣಿಸುವುದು ಬಿಟ್ಟರು. ಕಿಟಕಿಯ ಬೆಳಕಿನಲ್ಲಿ ನೊರಜು, ದೀಪದ ಸುತ್ತ ನೊರಜು. ಮಾತಾಡಲು ಬಾಯಿ ತೆರೆದರೆ ನೊರಜು. ಬಾಯಿ ತೆರೆದೇ ಬದುಕುತ್ತಿದ್ದ ಮುದ್ದೀರನಿಗೆ ಎಲ್ಲರಿಗಿಂತ ಜಾಸ್ತಿ ನೊರಜು.

ಮಾದವ್ವ ಸಾರಿನ ತಟ್ಟೆಯನ್ನು ಅಳಿಯನ ಮುಂದೆ ಇಟ್ಟಳು. "ನೋಡಿ ಅಳಿಯಂದ್ರೇ. ಸಾಸಿವೆ ಒಗ್ಗರಣೆ ನಾನು ಹಾಕಿಲ್ಲ."

ತಟ್ಟೆಯ ತುಂಬ ಕಪ್ಪು ಚುಕ್ಕಿ.

"ಇದೆಲ್ಲಾ ಒಂದು ಮಾತಾ ಅತ್ತೆ? ನಮ್ಮೂರಲ್ಲಿ ಒಂದು ಚಪ್ಪಾಳೆಗೆ ಹತ್ತು ಉದುರ್ತವೆ" ಅಂತ ಮುದ್ದೀರ ಎದ್ದ. ಮಧ್ಯಾಹ್ನದವರೆಗೂ ಚಪ್ಪಾಳೆ ಹೊಡೆದ. ಅಂಗೈ ಕೆಂಪಾಯಿತು. ಹಟ್ಟಿಯವರು ಇಲ್ಲೇನೋ ಭಜನೆ ಇದೆ ಅಂತ ಬಂದು ಕೂತರು. ನೊರಜು ಮಾತ್ರ ಹಾಗೇ ಇತ್ತು.

ಬೇವಿನ ಸೊಪ್ಪಿನ ಹೊಗೆ ಹಾಕಿದ. ಮನೆಯವರೆಲ್ಲ ಕೆಮ್ಮುತ್ತಾ ಹೊರಗೆ ಓಡಿದರು, ನೊರಜೂ ಓಡಿತು. ಹೊಗೆ ಆರಿದ ಮೇಲೆ ಎಲ್ಲರಿಗಿಂತ ಮೊದಲು ಒಳಗೆ ಬಂದದ್ದು ನೊರಜು.

ಮಾದವ್ವ ತನ್ನ ಬುದ್ಧಿ ಓಡಿಸಿ ಒಂದು ಹಲಗೆಗೆ ದಪ್ಪಗೆ ಅರಿಶಿನ ಬಳಿದು, ಮೇಲೆ ಹರಳೆಣ್ಣೆ ಸವರಿ ಇಟ್ಟಳು. ಹಳದಿ ಕಂಡರೆ ನೊರಜಿಗೆ ಆಗಲೂ ಹುಚ್ಚು. ಬಂದು ಕೂತವು, ಅಂಟಿಕೊಂಡವು. ಇದು ಕೆಲಸ ಮಾಡಿತು ಅಂತಲೇ ಅನ್ನಿ. ಆದರೆ ಹಲಗೆಗೆ ನಲವತ್ತು ಅಂಟಿದರೆ ಮಡಕೆಯಿಂದ ಎಂಬತ್ತು ಏಳುತ್ತಿದ್ದವು.

ಕೊನೆಗೆ ಮುದ್ದೀರ ಗಾಳಿಯನ್ನೇ ಕರೆದ. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಟಿತು. ಹೊನ್ನಿಯ ಮೊರ ಹಾರಿತು, ಮಾದವ್ವನ ಸೆರಗು ಹಾರಿತು. ನೊರಜುಗಳು ಮಡಕೆಯ ಕಂಠದೊಳಗೆ ಅಡಗಿ ಕೂತು, ಗಾಳಿ ಹೋದ ಮೇಲೆ ಎದ್ದು ಬಂದವು.

ಇಷ್ಟರಲ್ಲಿ ದೊಡ್ಡಪತ್ರೆಯ ಎಲೆ ಹಳದಿಯಾಗಿತ್ತು. ಕಾಂಡ ಮೆತ್ತಗಾಗಿತ್ತು. ಮುದ್ದೀರನಿಗೆ ದಿಗಿಲಾಯಿತು. ದಿಗಿಲಿಗೆ ಇನ್ನೂ ಒಂದು ಚೆಂಬು ಸುರಿದ.

ಅವತ್ತು ಹುಣ್ಣಿಮೆ. ಮಾದವ್ವ ಎಲೆಅಡಿಕೆ ಹಾಕಿಕೊಳ್ಳದೆ ಮಾತಿಗೆ ಕೂತಳು. ಅವಳು ಎಲೆಅಡಿಕೆ ಇಲ್ಲದೆ ಮಾತಾಡಿದರೆ ಅದು ತೀರ್ಪು ಅಂತ ಅರ್ಥ.

"ಅಳಿಯಂದ್ರೇ, ನಿಮ್ಮ ಊರು ದೊಡ್ಡದು. ನಿಮ್ಮ ಗಿಡ ದೊಡ್ಡದು. ನನ್ನ ಮನೆ ಮಾತ್ರ ಚಿಕ್ಕದು. ಅಮಾಸೆವರೆಗೂ ನೋಡ್ತೀನಿ. ಅಷ್ಟರಲ್ಲಿ ಈ ನೊರಜು ಹೋಗದಿದ್ರೆ ಮಡಕೆ ಬೆಟ್ಟ ಇಳೀಬೇಕು."

"ಮಡಕೆ ಇಳಿದ್ರೆ" ಅಂದ ಮುದ್ದೀರ, ಎದೆ ಎರಡು ಗೇಣು ಮುಂದೆ ಬಂತು, "ನಾನೂ ಇಳೀತೀನಿ."

ಅಂದುಬಿಟ್ಟ. ಅಂದ ಮೇಲೆ ಹೊನ್ನಿಯ ಮುಖ ನೋಡಿದ. ಅವಳು ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸಿದ್ದಳು. ಮೊರದಲ್ಲಿದ್ದ ಒಂದು ಕಲ್ಲನ್ನು ಎತ್ತಿ ಹೊರಗೆ ಹಾಕಿದಳು, ಅಷ್ಟೆ. ಹೊನ್ನಿಯನ್ನು ಬಿಟ್ಟು ಇಳಿಯುವ ಕಾಲು ತನಗಿಲ್ಲ ಅಂತ ಮುದ್ದೀರನಿಗೆ ಆಗಲೇ ಗೊತ್ತಾಯಿತು. ಆಡಿದ ಮಾತನ್ನು ನುಂಗುವ ಗಂಟಲೂ ಅವನಿಗಿರಲಿಲ್ಲ.

ಮಾರನೆಯ ಬೆಳಗ್ಗೆ ಅತ್ತೆ ದೊಣೆಗೆ ನೀರಿಗೆ ಹೋಗಿದ್ದಳು. ಮುದ್ದೀರ ಮಡಕೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

"ಲೇ ನೊರಜುಗಳಾ, ಯಾಕ್ರೋ ನನ್ನ ಮಾನ ತೆಗೀತೀರಿ? ಬನ್ನಿ ಅಂತ ಯಾರು ಕರೆದರು ನಿಮ್ಮನ್ನ?"

ಮುದಿ ನೊರಜು ಎದ್ದು ಬಂದು ಮಡಕೆಯ ಅಂಚಿನಲ್ಲಿ ಕೂತಿತು. "ನೀನೇ ಕರೆದೆ ಅಣ್ಣಯ್ಯ. ಮೇಲಿನ ಮಣ್ಣು ಹಸಿ ಇದ್ದ ಕಡೆ ನಮ್ಮ ತೊಟ್ಟಿಲು. ನಮ್ಮ ಮಕ್ಕಳು ಮಲಗೋದು ಮೇಲಿನ ಒಂದು ಗೆಣ್ಣು ಮಣ್ಣಲ್ಲಿ. ಅದು ಒಣಗಿದ್ರೆ ನಮ್ಮ ಸಂಸಾರವೇ ಇಲ್ಲ. ನೀನು ಒಂದು ದಿನವೂ ಒಣಗೋಕೆ ಬಿಡಲಿಲ್ಲ. ಇಷ್ಟು ಉಪಚಾರ ಮಾಡಿದ್ರೆ ನೆಂಟರು ಹೋಗ್ತಾರಾ?"

ಒಂದು ಗೆಣ್ಣು! ಈ ಮಾತನ್ನು ಎಲ್ಲೋ ಕೇಳಿದ್ದೆನಲ್ಲ ಅಂತ ಮುದ್ದೀರನಿಗೆ ಅನ್ನಿಸಿತು. ಆದರೂ ಬಿಡಲಿಲ್ಲ.

"ನಿಮಗೆ ಅಂತ ಹಾಕಿದ್ನಾ? ಗಿಡಕ್ಕೆ ಬಾಯಾರಿಕೆ."

ಆಗ ದೊಡ್ಡಪತ್ರೆ ಬಾಯಿಬಿಟ್ಟಿತು. ಬಂದಾಗಿನಿಂದ ಅದು ಮಾತೇ ಆಡಿರಲಿಲ್ಲ. ದನಿ ಕೆಸರಿನೊಳಗಿಂದ ಬಂದ ಹಾಗಿತ್ತು.

"ನನಗೆ ಬಾಯಾರಿಕೆ ಇಲ್ಲ ಮುದ್ದೀರ. ಯಾವತ್ತೂ ಇರಲಿಲ್ಲ. ನನ್ನ ಬೇರು ಕೊಳೀತಾ ಇದೆ."

ಮುದ್ದೀರ ಸುಮ್ಮನಾದ. ಹುಟ್ಟಿದಾಗಿನಿಂದ ಅವನು ಇಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

"ಗಿಡಕ್ಕಲ್ಲ ಅಂದ್ರೆ" ಅಂದಿತು ನೊರಜು ಮೆತ್ತಗೆ, "ಬಾಯಾರಿಕೆ ಯಾರಿಗಣ್ಣಯ್ಯ?"

ಮುದ್ದೀರ ಮಣ್ಣಿಗೆ ಬೆರಳಿಟ್ಟ. ಒಂದು ಗೆಣ್ಣು ಇಳಿಯಿತು. ತಣ್ಣಗಿತ್ತು. ಹಿತ್ತಲಿನ ಮಣ್ಣೇ, ಅವ್ವನ ಕೈ ಮುಟ್ಟಿದ ಮಣ್ಣೇ. ತಿರುವಿನಲ್ಲಿ ಕೇಳಿಸದೆ ಹೋದ ಆ ಕೂಗು ಈಗ ಬಂದು ಮುಟ್ಟಿತು. ಬೆರಳಿಟ್ಟು ನೋಡೋ.

ಅವನ ಕಣ್ಣು ತುಂಬಿತು.

ನೊರಜು ಮನುಷ್ಯನ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು. ಅದು ಹಾರಿ ಬಂತು, ಕಣ್ಣ ಮುಂದೆಯೇ ನಿಂತಿತು, ಆ ಕಡೆ ನೋಡಿತು, ಈ ಕಡೆ ನೋಡಿತು.

"ಅಯ್ಯೋ ಅಣ್ಣಯ್ಯ! ಹೊಳೆ ಇಲ್ಲಿತ್ತಾ? ನಾವು ಮಡಕೇಲಿ ಅಂದ್ಕೊಂಡಿದ್ವಿ!"

ಬಾಗಿಲಲ್ಲಿ ಹೊನ್ನಿ ನಿಂತಿದ್ದಳು. ಅವಳು ಊರು ನೆನಪಾಯಿತಾ ಅಂತ ಕೇಳಲಿಲ್ಲ. ಬಂದು ಪಕ್ಕದಲ್ಲಿ ಕೂತಳು. "ನಿಮ್ಮೂರ ಹೊಳೇಲಿ ನಿಜವಾಗ್ಲೂ ಎಷ್ಟು ಮೀನದೆ?" ಅಂದಳು.

ಮುದ್ದೀರ ಮೂಗು ಒರೆಸಿಕೊಂಡ. "ಅಷ್ಟೊಂದೇನಿಲ್ಲ" ಅಂದ. "ಆದ್ರೆ ಸಂಜೆ ಹೊತ್ತು ಒಂದು ಹಾರಿದ್ರೆ ಸಾಕು ಕಣೆ, ಹೊಳೆ ಪೂರ್ತಿ ಅಲ್ಲಾಡ್ತದೆ. ಅವ್ವ ಬಟ್ಟೆ ಒಗೀತಾ ಒಗೀತಾ ನಿಲ್ಲಿಸಿ ನೋಡ್ತಾಳೆ. ನಾವಿಬ್ಬರೂ ಏನೂ ಮಾತಾಡಲ್ಲ."

ಆ ದಿನದಿಂದ ಊರು ನೆನಪಾದಾಗಲೆಲ್ಲ ಮುದ್ದೀರ ಚೆಂಬಿಗೆ ಕೈ ಹಾಕಲಿಲ್ಲ, ಹೊನ್ನಿಯ ಹತ್ತಿರ ಹೋಗಿ ಕೂತ. ಅವಳು ಕಲ್ಲು ಆರಿಸುತ್ತಾ ಕೇಳಿದಳು, ಮುದ್ದೆ ತಿರುವುತ್ತಾ ಕೇಳಿದಳು. ಮಡಕೆಯ ತಳದ ಜೇನುಮೇಣವನ್ನು ಇಬ್ಬರೂ ಸೇರಿ ಕಿತ್ತರು. ಕೊಳೆತ ನೀರು ಇಳಿದುಹೋಯಿತು. ಮೇಲ್ಮಣ್ಣು ನಿಧಾನಕ್ಕೆ ಬಣ್ಣ ಬಿಟ್ಟಿತು, ಬೂದಿಬಣ್ಣಕ್ಕೆ ತಿರುಗಿತು, ಬಿರುಕುಬಿಟ್ಟಿತು.

ಇದನ್ನೆಲ್ಲ ನೋಡುತ್ತಿದ್ದ ಗಾಳಿ ಬೆಟ್ಟ ಇಳಿದು ಹೊಳೆಮೂಲೆಗೆ ಹೋಯಿತು.

"ಹೊಳೆಯವ್ವ, ನಿಮ್ಮ ಮುದ್ದೀರ ಅತ್ತ."

"ಬೊಗಳೆ! ಅವನು ಅಳೋದಾ?" ಅಂದಿತು ಹೊಳೆ. ಆಮೇಲೆ ಸ್ವಲ್ಪ ಹೊತ್ತು ಹರಿಯುವುದನ್ನೇ ನಿಲ್ಲಿಸಿತು. "ಆ ಹುಡುಗನ ಸದ್ದಿಲ್ಲದೆ ನನಗೂ ಬಿಕೋ ಅನ್ನಿಸ್ತದೆ ಕಣೋ. ಅಲ್ಲಿ, ಆ ಹೊಂಗೆ ಮರದ ಬುಡದಲ್ಲಿ ಮರಳಿದೆ ನೋಡು. ಚಿಕ್ಕವನಿದ್ದಾಗ ಕಾಲು ಹೂತು ಗುಬ್ಬಿಗೂಡು ಕಟ್ತಿದ್ದ ಮರಳು. ಒಂದು ಬೊಗಸೆ ತಗೊಂಡು ಹೋಗು."

ಗಾಳಿ ಬೊಗಸೆ ಮರಳನ್ನು ಹೊತ್ತು ಬೆಟ್ಟ ಹತ್ತಿತು. ಅರ್ಧ ದಾರಿಯಲ್ಲಿ ಚೆಲ್ಲಿತು, ಅದಕ್ಕೇ ಆ ಬೆಟ್ಟದ ದಾರಿ ಇವತ್ತಿಗೂ ಜಾರುತ್ತದೆ. ಉಳಿದದ್ದನ್ನು ಕಿಟಕಿಯಿಂದ ಮಡಕೆಯ ಮೇಲೆ ಸುರಿಯಿತು. ಮಣ್ಣಿನ ಮೇಲೆ ಒಂದು ಬೆರಳು ದಪ್ಪ ಮರಳು ಕೂತಿತು. ಒಣ, ಬಿಳಿ, ಬೆಚ್ಚಗಿನ ಮರಳು. ಮುದ್ದೀರ ಅದನ್ನು ಕೈಯಲ್ಲಿ ಹಿಡಿದ ಕೂಡಲೇ ಗುರುತಿಸಿದ. ಯಾರೂ ಹೇಳಬೇಕಾಗಲಿಲ್ಲ.

ಮುದಿ ನೊರಜು ಮರಳಿನ ಮೇಲೆ ಒಂದು ಸುತ್ತು ಹಾಕಿತು. "ಇನ್ನು ಇಲ್ಲಿ ತೊಟ್ಟಿಲು ಕಟ್ಟೋಕಾಗಲ್ಲ. ನಾವು ಹೊರಟ್ವಿ ಅಣ್ಣಯ್ಯ."

"ಹೋಗಿ. ಹೊಳೆಮೂಲೆಗೇ ಹೋಗಿ. ಅವ್ವ ಸಿಕ್ರೆ..." ಮುದ್ದೀರ ನಿಲ್ಲಿಸಿದ. "ಬೆರಳಿಟ್ಟು ನೋಡ್ತಿದ್ದೀನಿ ಅಂತ ಹೇಳಿ."

"ಹೇಳ್ತೀವಿ. ಇನ್ನೊಂದು ಮಾತನ್ನ ನಮ್ಮವರಿಗೆಲ್ಲ ಹೇಳ್ತೀವಿ. ಎಲ್ಲಿ ಯಾರು ಬೆರಳಿಡದೆ ನೀರು ಸುರೀತಾರೋ, ಅಲ್ಲಿಗೆ ಹೋಗಿ ಅವರ ಕಣ್ಣು ನೋಡ್ಕೊಂಡು ಬನ್ನಿ ಅಂತ. ನಿನ್ನ ಹಾಗೆ ಇನ್ನೆಷ್ಟು ಜನ ಇದ್ದಾರೋ ಪಾಪ."

ಅಮಾವಾಸ್ಯೆ ಬಂತು. ಮಾದವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಕಿಟಕಿಯ ಹತ್ತಿರ ಬಂದಳು. ಮಡಕೆಯನ್ನು ಮುಂದಿನಿಂದ ನೋಡಿದಳು, ಹಿಂದಿನಿಂದ ನೋಡಿದಳು. ಅರಿಶಿನದ ಹಲಗೆ ಖಾಲಿ. ಬೆಳಕಿನಲ್ಲಿ ಬರೀ ಬೆಳಕು. ದೊಡ್ಡಪತ್ರೆಯ ಮೆತ್ತಗಾದ ಕಾಂಡದ ಪಕ್ಕದಲ್ಲಿ ಒಂದು ಹಸಿರು ಕುಡಿ ಎದ್ದಿತ್ತು, ಇಲಿಯ ಕಿವಿಯಷ್ಟು.

ಒಂದೇ ಒಂದು ನೊರಜು ಉಳಿದಿತ್ತು. ಅದು ಅಳಿಯನ ಕಣ್ಣ ಮುಂದೆ ಹಾರುತ್ತಿತ್ತು.

"ಅಳಿಯಂದ್ರೇ, ಕಣ್ಣಲ್ಲಿ ಏನದು?"

"ಏನಿಲ್ಲ ಅತ್ತೆ" ಅಂದ ಮುದ್ದೀರ ಆ ಕಡೆ ತಿರುಗಿ. "ನೊರಜು ಬಿತ್ತು."

ಮಾದವ್ವ ಅವನನ್ನು ನೋಡಿದಳು. ಮಡಕೆಯ ಮೇಲಿನ ಮರಳನ್ನು ನೋಡಿದಳು. ಆಮೇಲೆ ಸಂಚಿ ಬಿಚ್ಚಿ ಒಂದು ಎಲೆಗೆ ಸುಣ್ಣ ಸವರಿದಳು.

"ನಾನು ಈ ಮನೆಗೆ ಬಂದ ವರ್ಷ ನನ್ನ ಕಣ್ಣಿಗೂ ಬೀಳ್ತಿತ್ತು ಕಣಪ್ಪ" ಅಂದಳು. ಅವನನ್ನು ಅವಳು ಅಪ್ಪ ಅಂದದ್ದು ಅದೇ ಮೊದಲು. "ಆಗ ಬೆಟ್ಟದ ಮೇಲೆ ನೊರಜು ಇರಲಿಲ್ಲವಲ್ಲ, ಒಲೆ ಹೊಗೆ ಅಂತ ಹೇಳ್ತಿದ್ದೆ. ಮೂರು ವರ್ಷ ಹೊಗೆ ಬಂತು ನನ್ನ ಒಲೇಲಿ."

ಹೊನ್ನಿ ಒಲೆಯ ಕಡೆ ನೋಡಿದಳು.

"ನಾಳೆ ಇಬ್ಬರೂ ಇಳಿದು ಹೋಗಿ ನಿಮ್ಮವ್ವನ್ನ ನೋಡ್ಕೊಂಡು ಬನ್ನಿ. ಮಡಕೆ ಇಲ್ಲೇ ಇರಲಿ. ನಾನು ನೋಡ್ಕೋತೀನಿ."

"ನೀರು ಹಾಕೋ ಮುಂಚೆ..." ಅಂತ ಶುರುಮಾಡಿದ ಮುದ್ದೀರ.

"ಬೆರಳಿಟ್ಟು ನೋಡ್ಬೇಕು. ಗೊತ್ತು ಹೋಗಯ್ಯ. ಬಂಡೆಹಟ್ಟಿಯವಳಿಗೆ ನೀರಿನ ಬೆಲೆ ಹೇಳ್ಕೊಡ್ತಾನೆ!"

ಮಾರನೆಯ ದಿನ ಮುದ್ದೀರ ಬೆಟ್ಟ ಇಳಿಯುವುದನ್ನು ಹೊಳೆ ದೂರದಿಂದಲೇ ಕೇಳಿಸಿಕೊಂಡಿತು. ಯಾಕೆಂದರೆ ಅವನು ದಾರಿಯುದ್ದಕ್ಕೂ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ: "ನಮ್ಮ ಬಂಡೆಹಟ್ಟಿ ದೊಣೆ ನೀರಿದೆಯಲ್ಲ, ಅದರಲ್ಲಿ ಮುಖ ನೋಡ್ಕೊಂಡ್ರೆ ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರ ಕಣ್ರೋ!"

ಅದಕ್ಕೇ ಮಗಾ, ಇವತ್ತಿಗೂ ಮನೆಯೊಳಗಿನ ಕುಂಡದ ಮೇಲ್ಮಣ್ಣು ಆರದ ಹಾಗೆ ಯಾರಾದರೂ ನೀರು ಸುರಿದರೆ ನೊರಜು ಬಂದು ಸೇರುತ್ತದೆ, ಒಂದು ಗೆಣ್ಣು ಒಣಗಿಸಿ ಮೇಲೊಂದು ಬೆರಳು ಮರಳು ಹರಡಿದರೆ ತಾನಾಗಿ ಹೊರಟುಹೋಗುತ್ತದೆ, ಹೋಗುವ ಮುಂಚೆ ಮಾತ್ರ ನಿನ್ನ ಕಣ್ಣ ಮುಂದೆ ಒಂದು ಗಳಿಗೆ ನಿಂತು, ಹೊಳೆ ಇಲ್ಲೇನಾದರೂ ಇದೆಯಾ ಅಂತ ಇಣುಕಿ ನೋಡುತ್ತದೆ.